ಗಾಡಿ ಕಲಿಸುವಾಗ ಎಷ್ಟು ಕಟ್ಟುನಿಟ್ಟು ಬೇಕು?

ನಮ್ಮ ಕುಡಚಿ ಕಡೆ ‘ಗಾಡಿ’ ಅಂದ್ರ ಬೈಕು. ರಾಯಬಾಗ, ಚಿಕ್ಕೋಡಿ, ಅಥಣಿ, ಕಾಗವಾಡ, ನಿಪ್ಪಾಣಿ, ಎಲ್ಲಿ ಹೋದರೂ ಇದೇ ಮಾತು. ಕಾರು ಕಲಿಯಬೇಕು ಅಂದ್ರ ಡ್ರೈವಿಂಗ್ ಸ್ಕೂಲಿಗೆ ದುಡ್ಡು ಕಟ್ಟುತ್ತೇವೆ. ಗಾಡಿ ಕಲಿಯಾಕ ಯಾರಾದರೂ ದುಡ್ಡು ಕಟ್ಟಿದ್ದನ್ನು ನಾವು ನೋಡಿಲ್ಲ. ಕಲಿಸುವವರು ಮನೆಯವರೇ: ಅಣ್ಣ, ಕಾಕಾ, ಮಾಮಾ, ಇಲ್ಲಾ ಓಣಿಯ ದೋಸ್ತ. ಹಾಸ್ಟೆಲಿಗೆ ಬಂದ ಮೇಲೆ ರೂಮ್‌ಮೇಟು, ಸೀನಿಯರು.

ಹಿಂಗಾಗಿ ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ನಮ್ಮಲ್ಲಿ ಬಹಳ ಮಂದಿ ಕಲಿತವರೂ ಹೌದು, ಕಲಿಸುವವರೂ ಹೌದು. ರಜೆಗೆ ಊರಿಗೆ ಹೋದರೆ ತಮ್ಮ, ತಂಗಿ “ನನಗ ಗಾಡಿ ಕಲಸು” ಅಂತ ಬೆನ್ನು ಹತ್ತುತ್ತಾರೆ. ಆಗ ಬರುವ ಪ್ರಶ್ನೆ ಇದು: ಬೈದು ಕಲಿಸಬೇಕೋ, ನಯವಾಗಿ ಕಲಿಸಬೇಕೋ? “ನಾವು ಬೈಸ್ಕೊಂಡ, ಹೊಡಸ್ಕೊಂಡ ಕಲತೀವಿ, ಅದಕ್ಕ ಬರತೈತಿ” ಅಂತ ಒಂದು ಪಾರ್ಟಿ. “ಅಂಜಿಸಿದರ ಕೈ ನಡಗತಾವ, ಬಿಡ, ತಾನ ಕಲಿತಾನ” ಅಂತ ಇನ್ನೊಂದು ಪಾರ್ಟಿ.

ಇದು ಬರೀ ಸ್ವಭಾವದ ಮಾತು ಅಂತ ಬಿಟ್ಟುಬಿಡುವಂಗಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 74,897 ಜನ, ಅಂದರೆ ನೂರಕ್ಕೆ 44ಕ್ಕಿಂತ ಹೆಚ್ಚು, ದ್ವಿಚಕ್ರ ವಾಹನದ ಮೇಲಿದ್ದವರು. ಹೆಲ್ಮೆಟ್ ಹಾಕದೆ ಸತ್ತವರೇ 50,029 ಜನ. ನಾವು ಮೈದಾನದಲ್ಲಿ ಎರಡು ಸಂಜೆ ಏನು ಕಲಿಸುತ್ತೇವೋ, ಅದೇ ಮುಂದೆ ನಲವತ್ತು ವರ್ಷ ಅವರ ಕೈಯಲ್ಲಿ ಉಳಿಯುತ್ತದೆ.

ನಮ್ಮ ವಾದ ಇಷ್ಟು: ಕಟ್ಟುನಿಟ್ಟು ಬೇಕೇ ಬೇಕು. ಆದರೆ ಅದು ಪಾಠದ ಕ್ರಮದಲ್ಲಿ ಇರಬೇಕು. ಬರೀ ದನಿಯಲ್ಲಿ ಇದ್ದರೆ ಉಪಯೋಗ ಇಲ್ಲ, ಕೆಲವು ಸಲ ಅದೇ ಗಾಡಿ ಬೀಳಿಸುತ್ತದೆ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಕಲಿಸುವವರ ಕೈಯಲ್ಲಿ ಬ್ರೇಕ್ ಇಲ್ಲ

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 24ನೇ ನಿಯಮ ಇದನ್ನೇ ಹೇಳುತ್ತದೆ: ತರಬೇತಿ ಶಾಲೆಯ ವಾಹನಗಳಿಗೆ ಡಬಲ್ ಕಂಟ್ರೋಲ್ ಇರಬೇಕು. ಅದೇ ಸಾಲಿನಲ್ಲಿ ಒಂದು ವಿನಾಯಿತಿಯೂ ಇದೆ: ಮೋಟಾರ್‌ಸೈಕಲ್‌ಗೆ ಇದು ಬೇಕಿಲ್ಲ. ಯಾಕಂದ್ರ ಅದಕ್ಕೆ ಎರಡನೇ ಬ್ರೇಕ್ ಕೂರಿಸಲು ಜಾಗವೇ ಇಲ್ಲ.

ಅದೇ ನಿಯಮಗಳಲ್ಲಿ 3ನೇ ನಿಯಮ ನೋಡಿ. ಕಲಿಯುವವರ ಜೊತೆ ಲೈಸೆನ್ಸ್ ಇರುವ ಒಬ್ಬ ಕಲಿಸುವವರು ಇರಬೇಕು, ಅವರು ವಾಹನವನ್ನು ಹತೋಟಿಗೆ ತರುವಂಥ ಅಥವಾ ನಿಲ್ಲಿಸುವಂಥ ಜಾಗದಲ್ಲಿ ಕೂತಿರಬೇಕು. ಕಲಿಯುವವರು ಹಿಂದೆ ಬೇರೆ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ಎಲ್‌ಎಲ್ ಸಿಕ್ಕ ಮರುದಿನವೇ ದೋಸ್ತನ ಕೂಡ ಡಬಲ್ ಸೀಟ್ ಹೋಗುವುದು ಕಾನೂನಿಗೇ ವಿರುದ್ಧ.

ಆದರೆ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು ಗಾಡಿ ನಿಲ್ಲಿಸುವುದು ಹೆಂಗ? ಬಹಳ ಮಂದಿ ಹಿಂದಿನಿಂದ ಕೈ ಚಾಚಿ ಹ್ಯಾಂಡಲ್ ಹಿಡಿಯುತ್ತಾರೆ. ಒಂದು ಹ್ಯಾಂಡಲ್‌ಗೆ ನಾಲ್ಕು ಕೈ ಆಗುತ್ತದೆ. ಒಬ್ಬರು ಎಡಕ್ಕೆ ಎಳೆದರೆ ಇನ್ನೊಬ್ಬರು ಬಲಕ್ಕೆ ಎಳೆಯುತ್ತಾರೆ. ಸಾಲದ್ದಕ್ಕೆ ಹಿಂದೆ ಅರವತ್ತು, ಎಪ್ಪತ್ತು ಕೆಜಿ ಹೆಚ್ಚು ಭಾರ. ನಿಧಾನ ಹೋಗುವಾಗ ಬ್ಯಾಲೆನ್ಸ್ ಮಾಡುವುದೇ ಹೊಸಬರಿಗೆ ದೊಡ್ಡ ಕಷ್ಟ, ಅದನ್ನು ಇದು ಇನ್ನೂ ಕಷ್ಟ ಮಾಡುತ್ತದೆ.

ಹಾಗಾಗಿ ಗಾಡಿ ಓಡಲು ಶುರುವಾದ ಮೇಲೆ ಕಲಿಸುವವರ ಹತ್ತಿರ ಉಳಿಯುವುದು ಬಾಯಿ ಒಂದೇ. ಕುಡಚಿಯಲ್ಲಿ ಅದು ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಕೇಳುತ್ತದೆ. ಅವರು ನಿಜವಾಗಿ ಹಿಡಿತ ಇಡಲು ಆಗುವುದು ಗಾಡಿ ಶುರು ಮಾಡುವ ಮೊದಲು: ಯಾವ ಜಾಗ, ಯಾವ ಪಾಠ, ಎಷ್ಟು ವೇಗ, ಚಾವಿ ಯಾವಾಗ ಕೊಡುವುದು.

ಒದರಿದಾಗ ಕೈಗೆ ಏನಾಗುತ್ತದೆ

ಬಾಯಿ ಎಷ್ಟು ಬೇಗ ಕೆಲಸ ಮಾಡುತ್ತದೆ ಅಂತ ಒಂದು ಸಣ್ಣ ಲೆಕ್ಕ. ಗಾಡಿ 30 ಕಿ.ಮೀ. ವೇಗದಲ್ಲಿದೆ ಅಂದುಕೊಳ್ಳಿ, ಅಂದರೆ ಸೆಕೆಂಡಿಗೆ 8.3 ಮೀಟರ್. ಕಲಿಸುವವರು ತಪ್ಪು ನೋಡಿ ಬಾಯಿ ತೆರೆಯಲು ಒಂದು ಸೆಕೆಂಡು, ಕಲಿಯುವವರು ಕೇಳಿ, ಅರ್ಥ ಮಾಡಿಕೊಂಡು, ಕೈ ಆಡಿಸಲು ಇನ್ನೊಂದು ಸೆಕೆಂಡು ಇಟ್ಟುಕೊಂಡರೂ ಅಷ್ಟರಲ್ಲಿ ಗಾಡಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಪರಿಚಿತ: ಫೀಡ್‌ಬ್ಯಾಕ್ ತಡವಾಗಿ ಬರುತ್ತಿದ್ದಾಗ ಗೇನ್ ಜಾಸ್ತಿ ಮಾಡಿದರೆ ಸಿಸ್ಟಮ್ ಸ್ಥಿರ ಆಗುವುದಿಲ್ಲ, ಓಲಾಡುತ್ತದೆ. ಜೋರಾಗಿ ಒದರುವುದು ಅಂದರೆ ಗೇನ್ ಜಾಸ್ತಿ ಮಾಡುವುದು. “ಎಡಕ್ಕ!” ಅಂದ ಕೂಡಲೇ ಹುಡುಗ ಪೂರ್ತಿ ಎಡಕ್ಕೆ ತಿರುಗಿಸುತ್ತಾನೆ, “ಅಷ್ಟ ಅಲ್ಲೋ!” ಅಂದರೆ ಪೂರ್ತಿ ಬಲಕ್ಕೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮನುಷ್ಯ ಬೆಚ್ಚಿಬಿದ್ದಾಗ ಕೈ ಮುಷ್ಟಿ ಕಟ್ಟುತ್ತದೆ. ಗಾಡಿಯಲ್ಲಿ ಬಲಗೈ ಮುಷ್ಟಿಯೊಳಗೆ ಇರುವುದೇ ಎಕ್ಸಲೇಟರ್. ಗಾಡಿ ಮುಂದೆ ಜಿಗಿದರೆ ಮೈ ಹಿಂದಕ್ಕೆ ವಾಲುತ್ತದೆ. ಮೈ ಹಿಂದೆ ಹೋದಂತೆ ತೋಳು ಮಣಿಕಟ್ಟನ್ನು ಕೆಳಗೆ ಎಳೆಯುತ್ತದೆ, ಎಕ್ಸಲೇಟರ್ ಇನ್ನೂ ತೆರೆಯುತ್ತದೆ, ಗಾಡಿ ಇನ್ನೂ ಜಿಗಿಯುತ್ತದೆ. ಇದು ಪಕ್ಕಾ ಪಾಸಿಟಿವ್ ಫೀಡ್‌ಬ್ಯಾಕ್ ಲೂಪ್. ನೋಡುವವರು “ಬ್ರೇಕ್ ಹಿಡಿ ಅಂದ್ರ ರೇಸ್ ಕೊಡ್ತಾನ ನೋಡ” ಅಂತ ನಗುತ್ತಾರೆ. ಅವನು ಬೇಕಂತ ಕೊಟ್ಟಿರುವುದಿಲ್ಲ.

ಈ ಲೂಪ್ ಕಡಿಯುವ ಸ್ವಿಚ್ ಗೇರ್ ಗಾಡಿಯಲ್ಲಿ ಒಂದಿದೆ, ಅದು ಎಡಗೈಯ ಕ್ಲಚ್. ಕ್ಲಚ್ ಹಿಡಿದರೆ ಎಂಜಿನ್ ಎಷ್ಟು ಕೂಗಿದರೂ ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ಗೇರ್ ಇಲ್ಲದ ಸ್ಕೂಟರ್‌ನಲ್ಲಿ ಈ ಸ್ವಿಚ್ಚೇ ಇಲ್ಲ. ನಮ್ಮ ಕಡೆ ತಂಗಿಗೆ ಅಥವಾ ಅವ್ವಗೆ ಕಲಿಸುವಾಗ “ಸ್ಕೂಟಿ ಏನ ಭಾಳ ಸರಳ, ರೇಸ್ ಕೊಟ್ರ ಹೊಕ್ಕೈತಿ” ಅಂತ ಐದು ನಿಮಿಷದಲ್ಲಿ ಪಾಠ ಮುಗಿಸುತ್ತಾರೆ. ಸರಿಯಾಗಿ ನೋಡಿದರೆ ಸ್ಕೂಟರ್‌ನ ಮೊದಲ ಪಾಠದಲ್ಲೇ ಹೆಚ್ಚು ಜಾಗ್ರತೆ ಬೇಕು: ಬೆರಳು ಯಾವಾಗಲೂ ಬ್ರೇಕ್ ಲಿವರ್ ಮೇಲಿರಬೇಕು, ನಿಂತಾಗ ಎಕ್ಸಲೇಟರ್ ಮೇಲಿನ ಹಿಡಿತ ಸಡಿಲ ಇರಬೇಕು.

1908ರ ಇಲಿಗಳ ಪ್ರಯೋಗ

ಶಿಕ್ಷೆ ಜಾಸ್ತಿ ಮಾಡಿದರೆ ಬೇಗ ಕಲಿಯುತ್ತಾರಾ? ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು 1908ರಲ್ಲಿ ಇದನ್ನು ಇಲಿಗಳ ಮೇಲೆ ನೋಡಿದರು. ಬಿಳಿ ಮತ್ತು ಕಪ್ಪು ಎರಡು ಡಬ್ಬಿ. ಇಲಿ ಬಿಳಿ ಡಬ್ಬಿಗೇ ಹೋಗಬೇಕು, ಕಪ್ಪಿಗೆ ಹೋದರೆ ಕರೆಂಟ್ ಶಾಕ್. ಬೆಳಕು ಹೊಂದಿಸಿ ಎರಡು ಡಬ್ಬಿಗಳ ವ್ಯತ್ಯಾಸವನ್ನು ಸುಲಭ, ಕಷ್ಟ ಮಾಡುತ್ತಾ ಹೋದರು. ವ್ಯತ್ಯಾಸ ಸುಲಭವಾಗಿ ಕಾಣುತ್ತಿದ್ದಾಗ ಶಾಕ್ ಹೆಚ್ಚಿಸಿದಷ್ಟೂ ಇಲಿಗಳು ಬೇಗ ಕಲಿತವು. ವ್ಯತ್ಯಾಸ ಗುರುತಿಸುವುದು ಕಷ್ಟವಾದಾಗ ಜೋರು ಶಾಕ್ ಕಲಿಕೆಯನ್ನು ಕೆಡಿಸಿತು, ನಡುವಿನ ಶಾಕ್ ಇದ್ದಾಗ ಬೇಗ ಕಲಿತವು.

ಮನುಷ್ಯರು ಇಲಿಗಳಲ್ಲ, ಖರೆ. ಆದರೆ ನಮ್ಮ ಅನುಭವಕ್ಕೂ ಇದು ಹೊಂದುತ್ತದೆ. ಎನ್‌ಸಿಸಿ ಪರೇಡಿನಲ್ಲಿ ಎಷ್ಟು ಜೋರು ಕಮಾಂಡ್ ಕೊಟ್ಟರೂ ಕೆಲಸ ಆಗುತ್ತದೆ. ಯಾಕಂದ್ರ ಅಲ್ಲಿ ಮಾಡಬೇಕಾದ್ದು ಒಂದೇ ಚಲನೆ, ಅದೂ ಮೊದಲೇ ರೂಢಿಯಾದದ್ದು. ಗಾಡಿ ಹಾಗಲ್ಲ. ಎಡಗೈ ಕ್ಲಚ್, ಬಲಗೈ ಎಕ್ಸಲೇಟರ್ ಮತ್ತು ಬ್ರೇಕ್, ಎಡಗಾಲು ಗೇರ್, ಬಲಗಾಲು ಇನ್ನೊಂದು ಬ್ರೇಕ್, ಕಣ್ಣು ರಸ್ತೆ ಮತ್ತು ಕನ್ನಡಿ, ಮೇಲೆ ಬ್ಯಾಲೆನ್ಸ್. ಹೊಸಬರಿಗೆ ಇದಕ್ಕಿಂತ ಕಷ್ಟದ ಕೆಲಸ ಇರಲಿಕ್ಕಿಲ್ಲ. ಅದರ ಮೇಲೆ “ಎಷ್ಟ ಸಲ ಹೇಳಬೇಕೋ ನಿನಗ!” ಅಂತ ಓಣಿ ಮಂದಿ ಮುಂದೆ ಒದರಿದರೆ ಗಮನವೆಲ್ಲ ಮರ್ಯಾದೆ ಕಡೆ ಹೋಗುತ್ತದೆ, ಕ್ಲಚ್ ಮರೆತೇ ಹೋಗುತ್ತದೆ.

ಮುಂದಿನ ಬ್ರೇಕ್: ತಪ್ಪು ಜಾಗದ ಕಟ್ಟುನಿಟ್ಟು

ನಮ್ಮಲ್ಲಿ ಅತಿ ಕಟ್ಟುನಿಟ್ಟಾಗಿ ಹೇಳುವ ಒಂದು ಮಾತು: “ಮುಂದಿನ ಬ್ರೇಕ್ ಮುಟ್ಟಬ್ಯಾಡ, ಪಲ್ಟಿ ಹೊಡಿತಿ.” ಇದನ್ನು ಲೆಕ್ಕ ಹಾಕಿ ನೋಡೋಣ. 110 ಕೆಜಿ ಗಾಡಿ, 70 ಕೆಜಿ ಸವಾರ, ಒಟ್ಟು 180 ಕೆಜಿ. ನಿಂತಾಗ ಭಾರ ಎರಡೂ ಚಕ್ರಕ್ಕೆ ಅರ್ಧರ್ಧ ಅಂತ ಇಟ್ಟುಕೊಳ್ಳೋಣ, ತಲಾ 883 ನ್ಯೂಟನ್. ಗುರುತ್ವ ಕೇಂದ್ರದ ಎತ್ತರ 0.6 ಮೀಟರ್, ಎರಡು ಚಕ್ರದ ನಡುವಿನ ಅಂತರ 1.25 ಮೀಟರ್. ಸೆಕೆಂಡಿಗೆ 5 ಮೀಟರ್‌ನಂತೆ ವೇಗ ಇಳಿಸುವ ಹಾಗೆ ಬ್ರೇಕ್ ಹಿಡಿದರೆ, ಮುಂದಕ್ಕೆ ಸರಿಯುವ ಭಾರ 180 × 5 × 0.6 ÷ 1.25, ಅಂದರೆ 432 ನ್ಯೂಟನ್. ಆಗ ಮುಂದಿನ ಚಕ್ರದ ಮೇಲೆ 1,315, ಹಿಂದಿನ ಚಕ್ರದ ಮೇಲೆ 451 ನ್ಯೂಟನ್. ಹತ್ತಿರ ಹತ್ತಿರ ಮುಕ್ಕಾಲು ಪಾಲು ಭಾರ ಮುಂದೆ. ಟೈರಿನ ಹಿಡಿತ ಭಾರ ಇದ್ದಲ್ಲಿ ಜಾಸ್ತಿ. ಅಂದಮೇಲೆ ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ.

ಕಾಕಾ ಹೇಳುವುದರಲ್ಲಿ ಅರ್ಧ ಸತ್ಯ ಇದೆ. ಹ್ಯಾಂಡಲ್ ತಿರುಗಿಸಿದಾಗ, ಉಸುಕು, ಕೆಸರು, ಕಬ್ಬಿನ ರವದಿ ಬಿದ್ದ ಕಡೆ ಮುಂದಿನ ಬ್ರೇಕ್ ಗಬಕ್ಕನೆ ಹಿಡಿದರೆ ಬೀಳುತ್ತೇವೆ. ಅದಕ್ಕೆ ಕಲಿಸಬೇಕಾದ್ದು “ಮುಟ್ಟಬ್ಯಾಡ” ಅಂತಲ್ಲ, “ನೆಟ್ಟಗಿದ್ದಾಗ, ಎರಡೂ ಬ್ರೇಕ್ ಕೂಡಿಸಿ, ಮೆಲ್ಲಗ ಒತ್ತತಾ ಹೋಗು” ಅಂತ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ಸಿಬಿಎಸ್ ಅಥವಾ ಎಬಿಎಸ್ ಕಡ್ಡಾಯ ಆಗಿದೆ. ಆದರೆ ಹೊಲಕ್ಕೆ ಹೋಗುವ, ತಮ್ಮನಿಗೆ ಕಲಿಸಲು ಕೊಡುವ ಗಾಡಿ ಬಹಳ ಸಲ ಅದಕ್ಕಿಂತ ಹಳೆಯದು.

ಹ್ಯಾರಿ ಹರ್ಟ್ ಎಂಬ ಪ್ರೊಫೆಸರ್ ಲಾಸ್ ಏಂಜಲೀಸ್ ಸುತ್ತಲಿನ ಸುಮಾರು 900 ಬೈಕ್ ಅಪಘಾತಗಳನ್ನು ನಡೆದ ಜಾಗಕ್ಕೇ ಹೋಗಿ ತನಿಖೆ ಮಾಡಿಸಿ 1981ರಲ್ಲಿ ವರದಿ ಕೊಟ್ಟರು. ಸವಾರರಲ್ಲಿ ಕಂಡ ತಪ್ಪುಗಳಲ್ಲಿ ಒಂದು: ಹಿಂದಿನ ಬ್ರೇಕ್ ಜಾಸ್ತಿ ಒತ್ತಿ ಜಾರಿದ್ದು, ಮುಂದಿನದನ್ನು ಸಾಕಷ್ಟು ಹಿಡಿಯದೆ ಇದ್ದದ್ದು. ಅಪಘಾತಕ್ಕೆ ಸಿಕ್ಕವರಲ್ಲಿ ನೂರಕ್ಕೆ 92 ಜನ ತಾವೇ ಕಲಿತವರು, ಇಲ್ಲಾ ಮನೆಯವರಿಂದ, ಗೆಳೆಯರಿಂದ ಕಲಿತವರು. ಉಳಿದ ಸವಾರರಲ್ಲೂ ಹೀಗೆ ಕಲಿತವರೇ ಹೆಚ್ಚು ಇರಬಹುದಲ್ಲ ಅಂತ ನೀವು ಕೇಳಬಹುದು, ಸರಿಯಾದ ಪ್ರಶ್ನೆ. ಆ ವರದಿ ಹೋಲಿಸಿ ನೋಡಿಯೇ, ತರಬೇತಿ ಪಡೆದವರು ಅಪಘಾತಕ್ಕೆ ಸಿಗುವುದು ಕಡಿಮೆ ಎಂದಿತು. ಅಮೆರಿಕದಲ್ಲೂ ಕಾಕಾಗಳೇ ಕಲಿಸುತ್ತಿದ್ದರು ಅನ್ನಿ.

ಮೆತ್ತಗಿದ್ದರೂ ಅಪಾಯ

ಹಾಗಂತ “ಬಂತ ಬಿಡ” ಅನ್ನುವವರ ಪಕ್ಷವೂ ನಮ್ಮದಲ್ಲ. ಎರಡನೇ ಸಂಜೆ ಹುಡುಗ ಮೂರನೇ ಗೇರ್ ಹಾಕಿದ. ಮನೆಯಲ್ಲಿ ಎಲ್ಲರಿಗೂ ಖುಷಿ. ಮೂರನೇ ದಿನ “ಹೋಗಿ ಹಾಲು ತಗೊಂಡ ಬಾ” ಅಂತ ಚಾವಿ ಕೊಡುತ್ತಾರೆ. ಅವನಿಗೆ ಗಾಡಿ ಓಡಿಸಲು ಬಂದಿದೆ, ನಿಲ್ಲಿಸಲು ಬಂದಿಲ್ಲ. ಕಬ್ಬಿನ ಹಂಗಾಮು ಇದ್ದರೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು ಎದುರಿಗೂ ಇರುತ್ತವೆ, ಮುಂದೂ ಇರುತ್ತವೆ. ಕುಡಚಿ ಮತ್ತು ಉಗಾರ ನಡುವಿನ ಕೃಷ್ಣಾ ಸೇತುವೆ ಮೇಲೆ ಎದುರಿಗೆ ಲೋಡ್ ಬಂದರೆ ಪಕ್ಕಕ್ಕೆ ಇಳಿಯಲು ಜಾಗ ಎಲ್ಲಿದೆ?

ಕಾನೂನು ಇಲ್ಲಿ ನಮಗಿಂತ ಹೆಚ್ಚು ತಾಳ್ಮೆ ತೋರಿಸಿದೆ. ಗೇರ್ ಗಾಡಿಗೆ 18 ವರ್ಷ ತುಂಬಿರಬೇಕು. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ. ಎಲ್‌ಎಲ್ ಪಡೆದು ಕನಿಷ್ಠ 30 ದಿನ ಆಗುವ ತನಕ ಟೆಸ್ಟ್ ಕೊಡುವಂತಿಲ್ಲ. ಆ ಒಂದು ತಿಂಗಳು ಇರುವುದೇ ಕಲಿಯುವುದಕ್ಕೆ. ನಾವು ಎರಡು ಸಂಜೆಯಲ್ಲಿ ಕಲಿಕೆ ಮುಗಿಸಿ, ಉಳಿದ 28 ದಿನ ಚಿಕ್ಕೋಡಿ ಆರ್‌ಟಿಒ ಟೆಸ್ಟಿಗೆ ಕಾಯುತ್ತೇವೆ. ಇನ್ನು 18 ತುಂಬದ ತಮ್ಮನಿಗೆ ಚಾವಿ ಕೊಟ್ಟವರು 2019ರ ತಿದ್ದುಪಡಿ ನೆನಪಿಡಬೇಕು: ಅವನು ರಸ್ತೆಯಲ್ಲಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ವರ್ಷದ ತನಕ ಲೈಸೆನ್ಸ್ ಇಲ್ಲ.

ಮೆಟ್ಟಿಲು ದಾಟಿಸದ ಕಟ್ಟುನಿಟ್ಟು

ಬ್ರಿಟನ್‌ನಲ್ಲಿ 1990ರಿಂದ ಹೊಸ ಸವಾರರಿಗೆ ಕಡ್ಡಾಯ ಮೂಲ ತರಬೇತಿ ಅಂತ ಇದೆ. ಅದರಲ್ಲಿ ಐದು ಭಾಗ: ಪರಿಚಯ, ಮೈದಾನದಲ್ಲಿ ಗಾಡಿ ತಿಳಿಯುವುದು, ಮೈದಾನದಲ್ಲಿ ಓಡಿಸುವುದು, ರಸ್ತೆಯ ಪಾಠ, ಕೊನೆಗೆ ರಸ್ತೆಯಲ್ಲಿ ಕನಿಷ್ಠ ಎರಡು ಗಂಟೆ ಓಡಿಸುವುದು. ಪಾಸು, ಫೇಲು ಇಲ್ಲ. ಒಂದು ಭಾಗ ಸರಿಯಾಗಿ ಬರುವ ತನಕ ಕಲಿಸುವವರು ಮುಂದಿನ ಭಾಗಕ್ಕೆ ಬಿಡುವುದಿಲ್ಲ, ಅಷ್ಟೇ. ರಸ್ತೆಗೆ ಹೋದಾಗ ಒಬ್ಬ ಕಲಿಸುವವರಿಗೆ ಇಬ್ಬರಿಗಿಂತ ಹೆಚ್ಚು ಕಲಿಯುವವರು ಇರುವಂತಿಲ್ಲ. ಇದು ನಮಗೆ ಬಹಳ ಹಿಡಿಸಿತು. ಇಲ್ಲಿ ಕಟ್ಟುನಿಟ್ಟು ಪೂರ್ತಿ ಇದೆ, ಬೈಗುಳ ಬೇಕಾಗಿಲ್ಲ.

ನಮ್ಮೂರಿನ ಹೈಸ್ಕೂಲ್ ಮೈದಾನಕ್ಕೆ ಹೊಂದುವ ಹಾಗೆ ನಾವು ಐದು ಮೆಟ್ಟಿಲು ಮಾಡಿಕೊಂಡಿದ್ದೇವೆ:

1. ಎಂಜಿನ್ ಬಂದ್. ಹೆಲ್ಮೆಟ್ ಹಾಕಿ, ಗಾಡಿ ತಳ್ಳುವುದು, ಹತ್ತುವುದು, ಸ್ಟ್ಯಾಂಡ್ ಹಾಕುವುದು. ಒಂದೇ ಒಂದು ಅಪಾಯದ ಪದ ಗೊತ್ತು ಮಾಡಿಕೊಳ್ಳಿ: “ಕ್ಲಚ್”. ಆ ಪದ ಕೇಳಿದ ಕೂಡಲೇ ಕೆಳಗೆ ನೋಡದೆ ಎಡಗೈ ಮುಚ್ಚಬೇಕು. ಹತ್ತಕ್ಕೆ ಹತ್ತು ಸಲ ಬಂದರೆ ಮುಂದಿನ ಮೆಟ್ಟಿಲು.

2. ಫಸ್ಟ್ ಗೇರ್, ಎರಡೂ ಕಾಲು ನೆಲಕ್ಕೆ. ಎಕ್ಸಲೇಟರ್ ಬಹಳ ಕೊಡದೆ, ಕ್ಲಚ್ ನಿಧಾನ ಬಿಟ್ಟು ಹತ್ತು ಮೀಟರ್ ಹೋಗಿ ನಿಲ್ಲುವುದು. ಎಂಜಿನ್ ಬಂದ್ ಆಗದೆ, ಜಿಗಿಯದೆ ಹತ್ತು ಸಲ.

3. ನಿಲ್ಲಿಸುವುದು. ಸುಣ್ಣದ ಪುಡಿಯಿಂದ ಗೆರೆ ಹಾಕಿ, 15, 20 ಕಿ.ಮೀ. ವೇಗದಲ್ಲಿ ಬಂದು ಎರಡೂ ಬ್ರೇಕ್‌ನಿಂದ ಗೆರೆಯ ಮೇಲೆ ನಿಲ್ಲುವುದು. ಸತತ ಐದು ಸಲ ಚಕ್ರ ಜಾರದೆ ಬರಬೇಕು. ಇದು ಬರುವ ತನಕ ಮೂರನೇ ಗೇರ್ ಕೇಳುವಂಗಿಲ್ಲ.

4. ಗೇರ್ ಬದಲಾವಣೆ, ತಿರುವು, ಇಟ್ಟಿಗೆ ಇಟ್ಟು ‘8’ ಹಾಕುವುದು. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ಹೋಗುವ ದಿಕ್ಕಿನ ಕಡೆ ಇರಲಿ. ತಿರುಗುವ ಮೊದಲು ಕನ್ನಡಿ, ಆಮೇಲೆ ಹೊರಳಿ ಒಂದು ನೋಟ.

5. ಎಲ್ ಬೋರ್ಡು ಹಾಕಿ, ಬೆಳಿಗ್ಗೆ ಖಾಲಿ ಇರುವ ಊರ ರಸ್ತೆ. ಹಿಂದೆ ಲೈಸೆನ್ಸ್ ಇರುವ ಕಲಿಸುವವರು, ಇಬ್ಬರಿಗೂ ಹೆಲ್ಮೆಟ್. ರಾತ್ರಿ, ಮಳೆ, ಹಂಗಾಮಿನ ರಸ್ತೆ ಇವೆಲ್ಲ ಕೊನೆಗೆ.

ಹಿಂದೆ ಕೂತವರ ಕೈಯಲ್ಲಿ ಬ್ರೇಕ್ ಇಲ್ಲ ಅಂದೆವಲ್ಲ, ಅದಕ್ಕೇ ಐದನೇ ಮೆಟ್ಟಿಲಿಗೆ ಬರುವ ಮೊದಲು ನಿಲ್ಲಿಸುವುದು ಪಕ್ಕಾ ಆಗಿರಬೇಕು.

ದನಿ ಏರಿಸುವುದು ಯಾವಾಗ

ಎಂಜಿನ್ ಬಂದ್ ಬಿತ್ತು, ಗೇರ್ ತಪ್ಪಿತು, ‘8’ ಹಾಕುವಾಗ ಕಾಲು ಊರಿದ. ಇವು ಕಲಿಕೆಯ ತಪ್ಪುಗಳು. ಇವುಗಳಿಗೆ ಬೈಯುವುದು ಲ್ಯಾಬಿನಲ್ಲಿ ಮೊದಲ ಸಲ ರೀಡಿಂಗ್ ತಪ್ಪಿದ್ದಕ್ಕೆ ಬೈದಂಗ. ಗಾಡಿ ನಿಂತ ಮೇಲೆ, ಒಂದು ಸಲಕ್ಕೆ ಒಂದೇ ತಪ್ಪು ಹೇಳಿ, ಮತ್ತೊಮ್ಮೆ ಮಾಡಿಸಿದರೆ ಸಾಕು.

ಹೆಲ್ಮೆಟ್ ಬೇಡ ಅಂದ, “ಕ್ಲಚ್” ಅಂದರೂ ಬೇಕಂತಲೇ ವೇಗ ಹೆಚ್ಚಿಸಿದ, ಓಡಿಸುತ್ತಾ ಫೋನ್ ತೆಗೆದ. ಈ ಮೂರು ಬೇರೆ ಜಾತಿಯ ತಪ್ಪುಗಳು. ಇವುಗಳಿಗೆ ರಿಯಾಯಿತಿ ಬೇಡ. ಆದರೆ ಇಲ್ಲಿಯೂ ದೊಡ್ಡ ಭಾಷಣಕ್ಕಿಂತ ಚಾವಿ ತೆಗೆದುಕೊಳ್ಳುವುದು ಒಳ್ಳೆಯದು: “ಇವತ್ತಿನ ಪಾಠ ಮುಗೀತು, ನಾಳೆ ಬಾ.” ತಮ್ಮ ಇರಲಿ, ದೋಸ್ತ ಇರಲಿ, ಅಕ್ಕ ಇರಲಿ, ಒಂದೇ ನಿಯಮ. ಕಲಿಸುವವರೂ ಹೆಲ್ಮೆಟ್ ಇಲ್ಲದೆ ಮನೆಗೆ ಹೋಗಬಾರದು, ಅಷ್ಟೇ.

“ನಾವು ಬೈಸ್ಕೊಂಡ ಕಲತೀವಿ, ನಮಗೇನಾಗೇತಿ?” ಅನ್ನುವವರಿಗೆ ನಾವು ಹೇಳುವುದಿಷ್ಟೇ: ಏನೂ ಆಗದವರು ಮಾತ್ರ ಈ ಮಾತು ಹೇಳಲು ಉಳಿದಿರುತ್ತಾರೆ. ಇನ್ನೊಂದು ಸಂಗತಿಯನ್ನೂ ನಾವು ಊರಲ್ಲಿ ಕಂಡಿದ್ದೇವೆ. ಮಂದಿ ಮುಂದೆ ಬೈಸಿಕೊಂಡವರು ಕಲಿಯುವುದನ್ನು ಬಿಡುವುದಿಲ್ಲ. ಮಧ್ಯಾಹ್ನ ಮನೆಯವರು ಮಲಗಿದಾಗ ಚಾವಿ ತೆಗೆದುಕೊಂಡು ಒಬ್ಬರೇ ಹೋಗುತ್ತಾರೆ. ಹುಡುಗಿಯರು ಬಹಳ ಸಲ ಪೂರ್ತಿ ಬಿಟ್ಟೇಬಿಡುತ್ತಾರೆ, ಆಮೇಲೆ ಕಾಲೇಜಿಗೋ ಕೆಲಸಕ್ಕೋ ಹೋಗಲು ಇನ್ನೊಬ್ಬರ ಹಿಂದಿನ ಸೀಟು ಕಾಯಬೇಕಾಗುತ್ತದೆ. ಒಂದು ಸಂಜೆಯ ಬೈಗುಳಕ್ಕೆ ಇದು ಬಹಳ ದೊಡ್ಡ ಬೆಲೆ.

ಸೆಮಿಸ್ಟರ್ ಮುಗಿಸಿ ಊರಿಗೆ ಹೋದಾಗ ನಿಮ್ಮ ಮನೆಯಲ್ಲೂ 18 ತುಂಬಿದ ಯಾರಾದರೂ “ಗಾಡಿ ಕಲಸು” ಅಂತ ಕೇಳಿಯೇ ಕೇಳುತ್ತಾರೆ. ಮೊದಲು ಎಲ್‌ಎಲ್ ಮಾಡಿಸಿ. ಆಮೇಲೆ ಎರಡು ಹೆಲ್ಮೆಟ್, ನಾಲ್ಕು ಇಟ್ಟಿಗೆ, ಒಂದು ಡಬ್ಬಿ ಸುಣ್ಣದ ಪುಡಿ ತೆಗೆದುಕೊಂಡು ಮೈದಾನಕ್ಕೆ ಹೋಗಿ. ಮೊದಲ ಸಂಜೆ ಚಾವಿ ನಿಮ್ಮ ಕಿಸೆಯಲ್ಲೇ ಇರಲಿ.